ಡೇಟ್ ಬಾರ್ ಆದ ಕಾರ್ಟ್ರಿಜ್‌ನಲ್ಲಿ ಮತ್ತೆ ಪ್ರಿಂಟ್ ತೆಗೆಯುವುದು ಹೇಗೆ

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಭಾವನ ಫೋನ್ ಬಂತು. ಅವರದ್ದು ತೀರ್ಥಹಳ್ಳಿಯಿಂದ ಆಚೆ, ಆಗುಂಬೆ ರಸ್ತೆಯಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. "ಮಾರಾಯ, ನಿನ್ನೆ ಸಂಜೆ ಕೈಯಾರೆ ತುಂಬಿಸಿದ ಕಪ್ಪು ಇಂಕು. ಇವತ್ತು ಡೇಟ್ ಬಾರ್ ಅಂತ ತೋರಿಸ್ತಿದೆ. ಇದೆಂತ ಕಥೆ?" ಅಂಗಡಿ ಮುಂದೆ ಸ್ಕಾಲರ್‌ಶಿಪ್ ಅರ್ಜಿಗೆ ಬಂದ ಮಕ್ಕಳು, ಪಹಣಿ ಪ್ರಿಂಟಿಗೆ ಬಂದವರು, ಹೊರಗೆ ಬಿಡದ ಮಳೆ. ಹೊಸ ಕಾರ್ಟ್ರಿಜ್ (ಪ್ರಿಂಟರಿನ ಇಂಕಿನ ಡಬ್ಬಿ) ಬೇಕು ಅಂದರೆ ಶಿವಮೊಗ್ಗಕ್ಕೆ ಹೋಗಬೇಕು, ತೀರ್ಥಹಳ್ಳಿಯಿಂದಲೇ ಅರವತ್ತು ಕಿಲೋಮೀಟರ್. ಆನ್‌ಲೈನ್‌ನಲ್ಲಿ ತರಿಸಿದರೆ ನಾಲ್ಕೈದು ದಿನ, ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಅವತ್ತು ಫೋನಿನಲ್ಲೇ ಹೇಳಿ ಪ್ರಿಂಟರ್ ಶುರು ಮಾಡಿಸಿದೆ. ಆಮೇಲೆ ಇದೇ ತೊಂದರೆ ಅಂತ ಶಾಲೆಯ ಮೇಷ್ಟ್ರು ಕೇಳಿದರು, ಹಾಲಿನ ಸೊಸೈಟಿಯವರು ಕೇಳಿದರು. ಹಾಗಾಗಿ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ. ತುಂಬಿದ ಕಾರ್ಟ್ರಿಜ್ ಒಂದು ತಾರೀಖಿನ ಕಾರಣಕ್ಕೆ ಕಸದ ಬುಟ್ಟಿಗೆ ಹೋಗುವುದು ನನಗೆ ನಿಜವಾಗಿಯೂ ಸಂಕಟ ಆಗುವ ವಿಷಯ.

ಭಾವನ ಪ್ರಿಂಟರಿನಲ್ಲಿ ಆಗಿದ್ದು ಇಷ್ಟೇ. ಇಂಕು ಹೊಸದು, ಚಿಪ್ ಹಳೆಯದು. ಮತ್ತೆ ಮತ್ತೆ ತುಂಬಿಸುವ ಕಾರ್ಟ್ರಿಜ್ ನೋಡಿರುತ್ತೀರಿ, ಪಕ್ಕದಲ್ಲಿ ಉಗುರಿನಷ್ಟು ಅಗಲದ ಒಂದು ಹಸಿರು ತುಂಡು ಅಂಟಿಸಿರುತ್ತಾರೆ, ಅದರ ಮೇಲೆ ಚಿನ್ನದ ಬಣ್ಣದ ಗೆರೆಗಳು. ಅದೇ ಚಿಪ್. ಒಳಗೆ ಯಾವ ಬಣ್ಣ, ಎಷ್ಟು ಇಂಕು, ಯಾವಾಗ ತಯಾರಾಯಿತು, ಯಾವಾಗ ಪ್ರಿಂಟರಿಗೆ ಹಾಕಿದರು ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತದೆ. ಹೆಚ್ಚಿನ ಪ್ರಿಂಟರ್‌ಗಳು ಒಳಗಿನ ಇಂಕನ್ನು ಅಳೆದು ನೋಡುವುದೇ ಇಲ್ಲ. ಎಷ್ಟು ಹನಿ ಉದುರಿಸಿದೆ ಅಂತ ಲೆಕ್ಕ ಇಟ್ಟುಕೊಂಡು ಚಿಪ್‌ನಲ್ಲಿ ಬರೆಯುತ್ತವೆ, ಅಷ್ಟೆ. ಬೇರೆಯವರು ಮಾಡುವ ಚಿಪ್‌ಗಳು ಮೂಲ ಚಿಪ್‌ನ ಮಾಹಿತಿಯನ್ನೇ ನಕಲು ಮಾಡಿಕೊಂಡು ಬರುತ್ತವೆ, ಜೊತೆಗೆ ತಾರೀಖೂ ಬರುತ್ತದೆ. ನೀವು ಹತ್ತು ಸಲ ಇಂಕು ತುಂಬಿಸಿ, ಆ ತಾರೀಖು ಅಲ್ಲೇ ಇರುತ್ತದೆ.

ಎಚ್‌ಪಿಯ ಕೆಲವು ಮಾದರಿಗಳಲ್ಲಿ, ಅಂದರೆ ಪ್ರಿಂಟ್‌ಹೆಡ್ (ಹಾಳೆ ಮೇಲೆ ಇಂಕು ಚಿಮ್ಮಿಸುವ ಭಾಗ) ಬೇರೆ ಇಂಕಿನ ಡಬ್ಬಿ ಬೇರೆ ಇರುವಂಥವುಗಳಲ್ಲಿ, ಲೆಕ್ಕ ಹೀಗಿತ್ತು: ತಯಾರಾಗಿ ನಾಲ್ಕೂವರೆ ವರ್ಷ, ಇಲ್ಲಾ ಪ್ರಿಂಟರಿಗೆ ಹಾಕಿ 30 ತಿಂಗಳು, ಯಾವುದು ಮೊದಲು ಬರುತ್ತದೋ ಅದು. ಕಂಪನಿ ಹೇಳುವ ಕಾರಣ ಪೂರ್ತಿ ಸುಳ್ಳಲ್ಲ. ಇಂಕಿನಲ್ಲಿ ನೀರಿನ ಅಂಶ ಜಾಸ್ತಿ, ಅದು ನಿಧಾನ ಆರುತ್ತದೆ, ಗಾಳಿ ಸೇರುತ್ತದೆ, ಗಟ್ಟಿಯಾದ ಇಂಕು ಹೋಗಿ ಹೆಡ್‌ನಲ್ಲಿ ಕೂತರೆ ಇಡೀ ಪ್ರಿಂಟರೇ ಹಾಳು. ಆದರೆ ಹೋದ ವಾರ ತುಂಬಿಸಿದ ಇಂಕಿಗೆ ಆ ಮಾತು ಹೇಗೆ ಅನ್ವಯ ಆಗುತ್ತದೆ? ಇದೇ ತಾರೀಖಿನ ವಿಚಾರಕ್ಕೆ ಅಮೆರಿಕದಲ್ಲಿ 2005ರಲ್ಲಿ ಎಚ್‌ಪಿ ಮೇಲೆ ಕೇಸ್ ಕೂಡ ಆಗಿತ್ತು.

ಮೊದಲು ಯಾವ ತಾರೀಖು ಅಂತ ಗುರುತು ಹಿಡಿಯಿರಿ

ಡೇಟ್ ಬಾರ್ ಅಂತ ಜನ ಹೇಳುವುದರಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿರುತ್ತದೆ. ಡಬ್ಬದ ಮೇಲೆ ಅಚ್ಚಾಗಿರುವ ತಾರೀಖು ಒಂದು. ಎಷ್ಟೋ ಸಲ ಅದು ಬರೀ ವಾರಂಟಿ ಮುಗಿಯುವ ದಿನ, ಪ್ರಿಂಟರಿಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ. ಎರಡನೆಯದು ಚಿಪ್ ಒಳಗಿನ ತಾರೀಖು, ಪ್ರಿಂಟರ್ ನಿಲ್ಲಿಸುವುದು ಇದನ್ನು ನೋಡಿ. ಮೂರನೆಯದು ತಾರೀಖೇ ಅಲ್ಲ, ಇಂಕಿನ ಲೆಕ್ಕ. "ಇಂಕು ಮುಗಿದಿದೆ", "ಬಳಸಿದ ಕಾರ್ಟ್ರಿಜ್" ಅಂತ ಬರುತ್ತದೆ, ಜನ ಅದನ್ನೂ ಡೇಟ್ ಬಾರ್ ಅಂತಲೇ ಹೇಳುತ್ತಾರೆ. ಹಾಗಾಗಿ ಪರದೆ ಮೇಲೆ ಬಂದಿರುವ ಮಾತನ್ನು ಅಕ್ಷರ ಅಕ್ಷರ ಓದಿ. ಸಣ್ಣ ಪರದೆಯಲ್ಲಿ ಬರೀ ಸಂಖ್ಯೆ ಬಂದರೆ ಅದನ್ನು ಬರೆದುಕೊಳ್ಳಿ. ಫೋನ್ ಮಾಡಿ ಕೇಳುವವರಿಗೆ ನಾನು ಮೊದಲು ಹೇಳುವುದು ಇದೇ, ಒಂದು ಫೋಟೋ ತೆಗೆದು ಕಳಿಸಿ ಅಂತ.

ಮನೆಗಳಲ್ಲಿ ಜಾಸ್ತಿ ಇರುವುದು ಎಚ್‌ಪಿ 803, 680 ಅಥವಾ ಕ್ಯಾನನ್ 745, 746 ನಂಥ ಸಣ್ಣ ಕಾರ್ಟ್ರಿಜ್ ಅಲ್ವಾ. ಇವುಗಳಲ್ಲಿ ಹೆಡ್ ಕಾರ್ಟ್ರಿಜ್‌ನ ಅಡಿಯಲ್ಲೇ ಇರುತ್ತದೆ. ಸಾಮಾನ್ಯವಾಗಿ ಇವು ತಾರೀಖು ನೋಡಿ ನಿಲ್ಲುವುದಿಲ್ಲ, ಇಂಕಿನ ಲೆಕ್ಕ ನೋಡಿ ಮಾತ್ರ ತಕರಾರು ಮಾಡುತ್ತವೆ. ತಾರೀಖಿನ ತೊಂದರೆ ಬರುವುದು ಬಿಡಿ ಡಬ್ಬಿಗಳ ಆಫೀಸ್ ಪ್ರಿಂಟರ್‌ಗಳಲ್ಲಿ, ದೊಡ್ಡ ನಕ್ಷೆ ಪ್ರಿಂಟ್ ಮಾಡುವ ಯಂತ್ರಗಳಲ್ಲಿ. ಎಪ್ಸನ್ ಎಲ್ ಸರಣಿಯಂಥ ಬಾಟಲಿ ಇಂಕಿನ ಟ್ಯಾಂಕ್ ಪ್ರಿಂಟರ್ ಇದ್ದವರಿಗೆ ಚಿಪ್ ತಲೆನೋವು ಇಲ್ಲ. ಬಾಟಲಿ ಮೇಲೆ ತಾರೀಖು ಇದ್ದರೂ ಅದನ್ನು ಓದುವವರು ನೀವೇ.

ಚಿಪ್ ದಾಟುವ ಮೊದಲು ಇಂಕು ನೋಡಿ

ಇದನ್ನು ಮಾತ್ರ ಬಿಡಬೇಡಿ. ತಾರೀಖು ದಾಟಿಸುವುದು ಸುಲಭ, ಕೆಟ್ಟ ಇಂಕು ಹೆಡ್‌ಗೆ ಹೋದರೆ ವಾಪಸ್ ತೆಗೆಯುವುದು ಬಹಳ ಕಷ್ಟ. ನಾನೊಮ್ಮೆ ಎರಡು ವರ್ಷ ಅಟ್ಟದಲ್ಲಿ ಬಿದ್ದಿದ್ದ ಬಾಟಲಿಯ ಹಳದಿ ಇಂಕನ್ನು ನೋಡದೆ ತುಂಬಿಸಿ, ಒಂದು ಹೆಡ್ ಕಳೆದುಕೊಂಡಿದ್ದೇನೆ. ನಮ್ಮ ಕಡೆ ಅಟ್ಟ ಅಂದರೆ ಗೊತ್ತಲ್ಲ, ಕೆಳಗೆ ಬಚ್ಚಲ ಒಲೆ ಉರಿಯುತ್ತಿರುತ್ತದೆ, ಮೇಲೆ ದಿನವಿಡೀ ಬಿಸಿ ಮತ್ತು ಹೊಗೆ. ಅಡಿಕೆ ಒಣಗುವುದಕ್ಕೆ ಒಳ್ಳೆಯ ಜಾಗ. ಇಂಕಿಗೆ ಅಲ್ಲ.

ಬಾಟಲಿ ಅಥವಾ ಪಾರದರ್ಶಕ ಕಾರ್ಟ್ರಿಜ್ ಆದರೆ ಬೆಳಕಿಗೆ ಹಿಡಿದು ನಿಧಾನ ಓರೆ ಮಾಡಿ. ಅಡಿಯಲ್ಲಿ ಗಸಿ ಇದೆಯಾ, ಲೋಳೆಯಂಥ ಎಳೆ ಇದೆಯಾ ನೋಡಿ. ಆಮೇಲೆ ಸಿರಿಂಜ್‌ನಲ್ಲಿ ಒಂದು ಹನಿ ತೆಗೆದು ಟಿಶ್ಯೂ ಕಾಗದದ ಮೇಲೆ ಬಿಡಿ. ಒಳ್ಳೆಯ ಇಂಕು ಸುತ್ತ ಒಂದೇ ಸಮ ಹರಡುತ್ತದೆ. ನಡುವೆ ಕಣ ಕಣ ಉಳಿದರೆ ಅಥವಾ ಹನಿ ಹರಡದೆ ಮುದ್ದೆಯಾಗಿ ಕೂತರೆ ಆ ಇಂಕು ಬೇಡ. ಹುಳಿ ವಾಸನೆ, ಬೂಷ್ಟಿನ ವಾಸನೆ ಬಂದರೂ ಬೇಡ.

ಇಂಕಿನಲ್ಲಿ ಎರಡು ಜಾತಿ ಇದೆ ಅನ್ನುವುದು ನೆನಪಿರಲಿ. ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುವುದು ಡೈ ಇಂಕು, ಬಣ್ಣದ ಪುಡಿ ನೀರಿನಲ್ಲಿ ತೇಲುತ್ತಿರುವುದು ಪಿಗ್ಮೆಂಟ್ ಇಂಕು. ಆಫೀಸ್ ಪ್ರಿಂಟರ್‌ಗಳ ಕಪ್ಪು ಹೆಚ್ಚಾಗಿ ಪಿಗ್ಮೆಂಟ್. ಅದು ಇಟ್ಟಲ್ಲೇ ಇಟ್ಟರೆ ಅಡಿಗೆ ಕೂರುತ್ತದೆ. ಬಾಟಲಿಯನ್ನು ಮೆಲ್ಲಗೆ ಮೇಲೆ ಕೆಳಗೆ ಹತ್ತು ಹದಿನೈದು ಸಲ ತಿರುಗಿಸಿದರೆ ಮತ್ತೆ ಬೆರೆಯುತ್ತದೆ. ಜೋರಾಗಿ ಕುಲುಕಬೇಡಿ, ನೊರೆ ಆಗುತ್ತದೆ, ನೊರೆ ಅಂದರೆ ಗಾಳಿ, ಗಾಳಿ ಹೆಡ್‌ಗೆ ಹೋದರೆ ಪ್ರಿಂಟ್‌ನಲ್ಲಿ ಬಿಳಿ ಗೆರೆ. ತಿರುಗಿಸಿದ ಮೇಲೂ ಅಡಿಯಲ್ಲಿ ಗಸಿ ಬಿಡದಿದ್ದರೆ ಅದನ್ನು ಸೋಸಿ ಬಳಸುವ ಯೋಚನೆ ಮಾಡಬೇಡಿ. ಕಾಫಿ ಬಟ್ಟೆಯಲ್ಲಿ ಸೋಸಿದೆ ಅಂತ ಒಬ್ಬರು ಹೇಳಿದ್ದರು. ಹೆಡ್‌ನಲ್ಲಿ ಇಂಕು ಹೊರಬರುವ ನಾಝಲ್‌ನ ರಂಧ್ರ ಕೂದಲಿಗಿಂತ ಸಣ್ಣದು, ಬಟ್ಟೆಯಲ್ಲಿ ಇಳಿದ ಕಣ ಅಲ್ಲಿ ಇಳಿಯುವುದಿಲ್ಲ.

ಇಂಕು ಚೆನ್ನಾಗಿದೆ ಅಂತ ಖಾತ್ರಿ ಆಯಿತಾ? ಹಾಗಾದರೆ ಮುಂದೆ ಹೋಗೋಣ.

ಮೊದಲು ಸುಲಭದ ದಾರಿ

ಎಷ್ಟೋ ಪ್ರಿಂಟರ್‌ಗಳಲ್ಲಿ ಎಚ್ಚರಿಕೆ ಬರುತ್ತದೆಯೇ ಹೊರತು ಬಾಗಿಲು ಪೂರ್ತಿ ಹಾಕಿರುವುದಿಲ್ಲ. "ಅವಧಿ ಮುಗಿದ ಇಂಕಿನಿಂದ ಹಾನಿಯಾದರೆ ವಾರಂಟಿ ಇಲ್ಲ" ಅಂತ ಹೇಳಿ ಕೆಳಗೆ ಓಕೆ ಅಥವಾ ಕಂಟಿನ್ಯೂ ಕೊಟ್ಟಿರುತ್ತಾರೆ. ಗಾಬರಿಯಲ್ಲಿ ಜನ ಕ್ಯಾನ್ಸಲ್ ಒತ್ತಿ, ಸ್ವಿಚ್ ಆರಿಸಿ, ಮತ್ತೆ ಹಾಕಿ ಅಲ್ಲೇ ಸುತ್ತುತ್ತಿರುತ್ತಾರೆ. ಓಕೆ ಒತ್ತಿ ನೋಡಿ. ಕೆಲವು ಸಲ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕೇಳುತ್ತದೆ, ನಾಲ್ಕು ಸಲ ಒತ್ತಬೇಕಾಗುತ್ತದೆ.

ಕ್ಯಾನನ್‌ನ ಸಣ್ಣ ಪ್ರಿಂಟರ್‌ಗಳಲ್ಲಿ ಇ 13 ಅಥವಾ ಇ 16 ಅಂತ ಬಂದರೆ ಅದು ಇಂಕಿನ ಲೆಕ್ಕದ ತಕರಾರು. ಸ್ಟಾಪ್ ಗುಂಡಿಯನ್ನು ಐದು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಒತ್ತಿ ಹಿಡಿದು ಬಿಡಿ. ಆ ಕಾರ್ಟ್ರಿಜ್‌ಗೆ ಲೆಕ್ಕ ಇಡುವುದನ್ನೇ ಅದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಇಂಕು ಎಷ್ಟಿದೆ ಅಂತ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದೇ.

ಇನ್ನೊಂದು. ಮಳೆಗಾಲದಲ್ಲಿ ನಮ್ಮ ಕಡೆ ಚಿಪ್‌ನ ತಾಮ್ರದ ಮೇಲೆ ಮಸುಕು ಕಟ್ಟುತ್ತದೆ, ಪ್ರಿಂಟರ್ ಅದನ್ನು ಸರಿಯಾಗಿ ಓದಲಾಗದೆ ಏನೇನೋ ಹೇಳುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಚಿಪ್ ಮೇಲೆ ಹಗುರವಾಗಿ ಎರಡು ಸಲ ಉಜ್ಜಿ, ಪುಡಿ ಊದಿ ತೆಗೆಯಿರಿ. ಪ್ರಿಂಟರ್ ಒಳಗಿನ ಪಿನ್‌ಗಳಿಗೆ ರಬ್ಬರ್ ಹಾಕಬೇಡಿ, ಬಗ್ಗುತ್ತವೆ. ಅದಕ್ಕೆ ಕಿವಿಗೆ ಬಳಸುವ ಹತ್ತಿ ಕಡ್ಡಿ, ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಇಷ್ಟರಿಂದಲೇ ಸರಿಯಾದ ಪ್ರಿಂಟರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಗಡಿಯಾರ ಹಿಂದೆ ತಿರುಗಿಸುವುದು

ಭಾವನಿಗೆ ಅವತ್ತು ಹೇಳಿದ್ದು ಇದು. ಚಿಪ್‌ನಲ್ಲಿ ತಾರೀಖು ಇದ್ದರೆ ಸಾಲದು, ಇವತ್ತು ಯಾವ ದಿನ ಅಂತ ಪ್ರಿಂಟರಿಗೂ ಗೊತ್ತಿರಬೇಕು. ಅದು ಎಲ್ಲಿಂದ ತಿಳಿದುಕೊಳ್ಳುತ್ತದೆ? ಫ್ಯಾಕ್ಸ್ ಇರುವ ಆಫೀಸ್ ಪ್ರಿಂಟರ್‌ಗಳಲ್ಲಿ ಒಳಗೇ ಗಡಿಯಾರ ಇರುತ್ತದೆ. ಕೆಲವಕ್ಕೆ ಕಂಪ್ಯೂಟರ್ ತಿಳಿಸುತ್ತದೆ. ವೈಫೈ ಇರುವುದು ಇಂಟರ್‌ನೆಟ್‌ನಿಂದ ತಿಳಿಯುತ್ತದೆ.

ಹಾಗಾಗಿ ಮೊದಲು ಪ್ರಿಂಟರ್‌ನ ವೈಫೈ ಆರಿಸಿ, ನೆಟ್‌ವರ್ಕ್ ವೈರ್ ಇದ್ದರೆ ಕಿತ್ತಿಡಿ, ಯುಎಸ್‌ಬಿಯಲ್ಲಿ ಮಾತ್ರ ಜೋಡಿಸಿ. ಪ್ರಿಂಟರ್‌ನ ಸೆಟಪ್ ಮೆನುವಿನಲ್ಲಿ ಡೇಟ್ ಅಂಡ್ ಟೈಮ್ ಇದೆಯಾ ನೋಡಿ. ಇದ್ದರೆ ಒಂದು ವರ್ಷ ಹಿಂದಕ್ಕೆ ಇಡಿ, ಆಫ್ ಮಾಡಿ, ಆನ್ ಮಾಡಿ. ಹಲವು ಸಲ ಇಷ್ಟಕ್ಕೇ ಪ್ರಿಂಟ್ ಬರುತ್ತದೆ.

ಮೆನುವಿನಲ್ಲಿ ಇಲ್ಲದಿದ್ದರೆ ಕಂಪ್ಯೂಟರ್‌ನ ತಾರೀಖು ಹಿಂದಕ್ಕೆ ಹಾಕಬೇಕು. ವಿಂಡೋಸ್‌ನಲ್ಲಿ ಸಮಯ ತಾನಾಗಿ ಸರಿಯಾಗುವ ಆಯ್ಕೆಯನ್ನು ಮೊದಲು ಆಫ್ ಮಾಡಿ, ಇಲ್ಲದಿದ್ದರೆ ನೀವು ಬದಲಾಯಿಸಿದ್ದನ್ನು ಅದು ಮತ್ತೆ ಸರಿ ಮಾಡಿಬಿಡುತ್ತದೆ. ಇಲ್ಲಿ ಎರಡು ಎಚ್ಚರಿಕೆ ಇದೆ, ದಯವಿಟ್ಟು ಗಮನ ಕೊಡಿ. ಕಂಪ್ಯೂಟರ್ ತಾರೀಖು ತಪ್ಪಿದರೆ ಬ್ರೌಸರ್‌ನಲ್ಲಿ ಹೆಚ್ಚಿನ ಸೈಟ್‌ಗಳು ತೆರೆಯುವುದಿಲ್ಲ, ಸುರಕ್ಷಿತ ಅಲ್ಲ ಅನ್ನುತ್ತವೆ. ಪಹಣಿಯಾಗಲಿ ಅರ್ಜಿಯಾಗಲಿ, ತಾರೀಖು ಸರಿ ಇರುವಾಗಲೇ ಪಿಡಿಎಫ್ ಇಳಿಸಿಟ್ಟುಕೊಳ್ಳಿ, ಆಮೇಲೆ ಹಿಂದೆ ತಿರುಗಿಸಿ ಒಟ್ಟಿಗೆ ಪ್ರಿಂಟ್ ತೆಗೆಯಿರಿ. ಎರಡನೆಯದು ಇನ್ನೂ ಮುಖ್ಯ. ಬಿಲ್ ಹಾಕುವ ಕಂಪ್ಯೂಟರ್‌ನಲ್ಲಿ ಇದನ್ನು ಮಾಡಲೇಬೇಡಿ. ಮಂಡಿಯಲ್ಲೋ ಅಂಗಡಿಯಲ್ಲೋ ಬಿಲ್ ಮೇಲೆ ಹೋದ ವರ್ಷದ ತಾರೀಖು ಬಿದ್ದರೆ ಜಿಎಸ್‌ಟಿ ಲೆಕ್ಕ ಎಲ್ಲ ಅಡಿಮೇಲು. ಪ್ರಿಂಟಿಗೆ ಅಂತಲೇ ಒಂದು ಹಳೆಯ ಲ್ಯಾಪ್‌ಟಾಪ್ ಇದ್ದರೆ ಬಹಳ ಒಳ್ಳೆಯದು. ಪಿಡಿಎಫ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಅಲ್ಲಿಂದ ತೆಗೆಯಬಹುದು. ಭಾವ ಈಗ ಮಾಡುತ್ತಿರುವುದು ಹಾಗೇ.

ಕೆಲವು ಹಳೆಯ ಆಫೀಸ್ ಪ್ರಿಂಟರ್‌ಗಳಲ್ಲಿ ತಾರೀಖನ್ನು ನೆನಪಿಟ್ಟುಕೊಳ್ಳುವುದಕ್ಕೆ ಒಳಗಿನ ಬೋರ್ಡ್ ಮೇಲೆ ಒಂದು ಗುಂಡಿ ಸೆಲ್ ಇರುತ್ತದೆ, ಗೋಡೆ ಗಡಿಯಾರದ್ದಲ್ಲ, ಚಪ್ಪಟೆ ನಾಣ್ಯದಂಥದ್ದು. ಇಂಥ ಯಂತ್ರಗಳು ಒಮ್ಮೆ ಮುಂದಿನ ತಾರೀಖು ನೋಡಿದರೆ ಹಿಂದಿನದನ್ನು ಒಪ್ಪುವುದಿಲ್ಲ. ಆಗ ಸೆಲ್ ತೆಗೆದು, ಒಂದು ರಾತ್ರಿ ಬಿಟ್ಟು, ಮತ್ತೆ ಶುರು ಮಾಡಿದರೆ ಅದಕ್ಕೆ ತಾರೀಖೇ ನೆನಪಿರುವುದಿಲ್ಲ. ಕರೆಂಟ್ ವೈರ್ ಪೂರ್ತಿ ಕಿತ್ತು, ಅರ್ಧ ಗಂಟೆ ಬಿಟ್ಟು ಆಮೇಲೆ ಬಿಚ್ಚಿ. ಸೆಲ್ ಯಾವ ಮುಖ ಮೇಲಿತ್ತು ಅಂತ ಫೋಟೋ ತೆಗೆಯಿರಿ. ಫ್ಯಾಕ್ಸ್ ನಂಬರ್ ಮುಂತಾದ ಸೆಟ್ಟಿಂಗ್ ಅಳಿಸಿಹೋಗಬಹುದು, ಮೊದಲೇ ಬರೆದಿಟ್ಟುಕೊಳ್ಳಿ. ಸೆಲ್ ಬೋರ್ಡ್‌ಗೆ ಬೆಸುಗೆ ಹಾಕಿದ್ದರೆ ಕೈ ಹಾಕಬೇಡಿ, ಟಿವಿ ರಿಪೇರಿ ಮಾಡುವವರ ಹತ್ತಿರ ತೆಗೆಸಿ. ವಾರಂಟಿ ಇರುವ ಪ್ರಿಂಟರ್ ಆದರೆ ಈ ದಾರಿಯೇ ಬೇಡ.

ಚಿಪ್ ಬದಲಾಯಿಸುವುದು

ಗಡಿಯಾರದ ಉಪಾಯ ಆ ಹೊತ್ತಿನ ಕೆಲಸಕ್ಕೆ. ನಿಜವಾದ ಪರಿಹಾರ ಹೊಸ ಚಿಪ್. ಕಾರ್ಟ್ರಿಜ್ ಅದೇ ಇರಲಿ, ಚಿಪ್ ಮಾತ್ರ ಬೇರೆ ಮಾರುತ್ತಾರೆ, ಇಡೀ ಸೆಟ್ ಕೊಳ್ಳುವ ಅಗತ್ಯ ಇಲ್ಲ. ಕೇಳುವಾಗ ಕಾರ್ಟ್ರಿಜ್ ನಂಬರ್ ಮತ್ತು ಪ್ರಿಂಟರ್ ಮಾದರಿ ಎರಡನ್ನೂ ಹೇಳಿ, ಮತ್ತೆ ಎಆರ್‌ಸಿ ಚಿಪ್ ಬೇಕು ಅಂತ ಹೇಳಿ. ಅಂದರೆ ತಾನಾಗಿ ರೀಸೆಟ್ ಆಗುವ ಚಿಪ್. ಇಂಕು ಖಾಲಿ ಅಂತ ಲೆಕ್ಕ ಮುಗಿದಾಗ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ, ಇಲ್ಲಾ ಕಾರ್ಟ್ರಿಜ್ ತೆಗೆದು ಹಾಕಿದರೆ ಅದು ಮತ್ತೆ ತುಂಬಿದೆ ಅಂತ ತೋರಿಸುತ್ತದೆ. ಆದರೆ ರೀಸೆಟ್ ಆಗುವುದು ಇಂಕಿನ ಲೆಕ್ಕ, ತಾರೀಖು ಆಗಬೇಕು ಅಂತಿಲ್ಲ. ಅದಕ್ಕೇ ಹೊಸ ತಾರೀಖಿನ ಚಿಪ್ ಇದೆಯಾ ಅಂತ ಬಿಡಿಸಿ ಕೇಳಬೇಕು. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಚಿಪ್ ಅಗ್ಗಕ್ಕೆ ಸಿಗುತ್ತದೆ. ನನಗೂ ಒಂದು ಸಲ ಹಾಗೆ ಸಿಕ್ಕಿ, ಹಾಕಿದ ಎರಡನೇ ತಿಂಗಳಿಗೆ ಮತ್ತೆ ಅದೇ ಸಂದೇಶ ಬಂತು.

ಹಳೆಯ ಚಿಪ್ ಬಿಡಿಸುವುದಕ್ಕೆ ತೆಳ್ಳಗಿನ ಬ್ಲೇಡ್ ಸಾಕು. ಒಂದು ಮೂಲೆಯಿಂದ ನಿಧಾನ ಎಬ್ಬಿಸಿ. ತೆಗೆಯುವ ಮೊದಲು ಅದು ಕೂತಿದ್ದ ಜಾಗದ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿಕೊಂಡರೆ ಹೊಸದನ್ನು ಅಲ್ಲೇ ಕೂರಿಸಬಹುದು, ಅರ್ಧ ಮಿಲಿಮೀಟರ್ ಆಚೀಚೆ ಆದರೂ ಪಿನ್ ತಾಗುವುದಿಲ್ಲ. ಕೆಲವು ಚಿಪ್ ಎರಡು ಪ್ಲಾಸ್ಟಿಕ್ ಮೊಳೆಗಳ ಮೇಲೆ ಕೂತಿರುತ್ತದೆ, ಅದು ಇನ್ನೂ ಸುಲಭ. ತೆಳುವಾದ ಡಬಲ್ ಟೇಪ್ ಬಳಸಿ. ದಪ್ಪ ಟೇಪ್ ಹಾಕಿದರೆ ಕಾರ್ಟ್ರಿಜ್ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಪ್ಪಿನ ಚಿಪ್ ಕಪ್ಪಿಗೇ ಹಾಕಬೇಕು, ಚಿಪ್‌ನಲ್ಲಿ ಬಣ್ಣವೂ ಬರೆದಿರುವುದರಿಂದ ನೀಲಿಯ ಮೇಲೆ ಹಾಕಿದರೆ ನಡೆಯುವುದಿಲ್ಲ. ಎಪ್ಸನ್‌ನ ಹಳೆಯ ಕಾರ್ಟ್ರಿಜ್‌ಗಳಿಗೆ ರೀಸೆಟರ್ ಅಂತ ಅಂಗೈಯಷ್ಟು ಸಾಧನ ಸಿಗುತ್ತದೆ, ಚಿಪ್‌ಗೆ ಒತ್ತಿ ಹಿಡಿದು ಕೆಂಪು ದೀಪ ಹಸಿರಾಗುವ ತನಕ ಕಾಯಬೇಕು.

ಹೊಸ ಚಿಪ್ ಹಾಕಿದರೂ ಪ್ರಿಂಟರ್ ಒಪ್ಪದಿದ್ದರೆ ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ನಡೆಸುವ ಒಳಗಿನ ತಂತ್ರಾಂಶ, ಬದಲಾಗಿರಬಹುದು. ಇದರ ದೊಡ್ಡ ಉದಾಹರಣೆ 2016ರ ಸೆಪ್ಟೆಂಬರ್ 13. ಅವತ್ತು ಜಗತ್ತಿನ ಬೇರೆ ಬೇರೆ ಕಡೆ ಎಚ್‌ಪಿಯ ಕೆಲವು ಮಾದರಿಗಳು ಬೇರೆಯವರ ಚಿಪ್ ಇರುವ ಕಾರ್ಟ್ರಿಜ್‌ಗಳನ್ನು ಒಟ್ಟಿಗೇ ತಿರಸ್ಕರಿಸಿದವು. ಡೈನಾಮಿಕ್ ಸೆಕ್ಯುರಿಟಿ ಅಂತ ಅದರ ಹೆಸರು. ಜನ ಗಲಾಟೆ ಮಾಡಿದ ಮೇಲೆ ಆ ಮಾದರಿಗಳಿಗೆ ಅದಿಲ್ಲದ ಫರ್ಮ್‌ವೇರ್ ಕೊಟ್ಟರು, ಆದರೆ ಆ ಪದ್ಧತಿ ನಿಂತಿಲ್ಲ. ರೀಫಿಲ್ ಬಳಸುವವರು ಪ್ರಿಂಟರ್‌ನ ಆಟೊ ಅಪ್‌ಡೇಟ್ ಆಫ್ ಮಾಡಿಟ್ಟುಕೊಳ್ಳಿ. ಎಚ್‌ಪಿಯಲ್ಲಿ ಕಾರ್ಟ್ರಿಜ್ ಪ್ರೊಟೆಕ್ಷನ್ ಅಂತ ಇನ್ನೊಂದು ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ಕಾರ್ಟ್ರಿಜ್ ಆ ಒಂದೇ ಪ್ರಿಂಟರಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ, ಹೊಸ ಕಾರ್ಟ್ರಿಜ್ ಹಾಕುವ ಮೊದಲೇ ಆಫ್ ಮಾಡಿ. ಎಚ್‌ಪಿ ಪ್ಲಸ್ ಅಂತ ಒಪ್ಪಿಕೊಂಡು ಸೆಟಪ್ ಮಾಡಿದ ಪ್ರಿಂಟರ್ ಆದರೆ ಯಾವಾಗಲೂ ಮೂಲ ಇಂಕೇ ಹಾಕುತ್ತೇನೆ ಅಂತ ನೀವು ಒಪ್ಪಿದ ಹಾಗೆ. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ.

ಇದೆಲ್ಲ ತಪ್ಪಲ್ವಾ ಅಂತ ಮೇಷ್ಟ್ರು ಕೇಳಿದ್ದರು. ನಿಮ್ಮ ದುಡ್ಡು ಕೊಟ್ಟು ತಂದ ಕಾರ್ಟ್ರಿಜ್ ಮೇಷ್ಟ್ರೇ, ನಿಮ್ಮ ಮನೆಯಲ್ಲಿ ನೀವು ತುಂಬಿಸಿಕೊಂಡರೆ ಎಂತ ತಪ್ಪು ಅಂದೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 2017ರಲ್ಲಿ ಲೆಕ್ಸ್‌ಮಾರ್ಕ್ ಅನ್ನುವ ಪ್ರಿಂಟರ್ ಕಂಪನಿಯ ಕೇಸಿನಲ್ಲಿ, ಒಮ್ಮೆ ಮಾರಿದ ಮೇಲೆ ಆ ಕಾರ್ಟ್ರಿಜ್ ಮೇಲೆ ಕಂಪನಿಯ ಪೇಟೆಂಟ್ ಹಕ್ಕು ಮುಗಿಯುತ್ತದೆ ಅಂತ ಹೇಳಿದೆ. ತುಂಬಿಸಿದ್ದನ್ನು ಹೊಸದು ಅಂತ ಮಾರಿದರೆ ಅದು ಮೋಸ. ಅದನ್ನು ಮಾಡಬೇಡಿ.

ಎಲ್ಲಿ ನಿಲ್ಲಿಸಬೇಕು

ಎಚ್‌ಪಿ, ಕ್ಯಾನನ್‌ಗಳಲ್ಲಿ ಇಂಕು ಚಿಮ್ಮುವುದು ಬಿಸಿಯಿಂದ. ಆ ಬಿಸಿಯನ್ನು ತಣಿಸುವುದೂ ಇಂಕೇ. ಲೆಕ್ಕ ಆಫ್ ಮಾಡಿ, ಒಳಗೆ ಇಂಕು ಇಲ್ಲದೆಯೇ ಪ್ರಿಂಟ್ ಕೊಡುತ್ತಾ ಹೋದರೆ ಹೆಡ್ ಸುಟ್ಟುಹೋಗುತ್ತದೆ. ಅಕ್ಷರ ತಿಳಿಯಾಗುತ್ತಿದೆ ಅಂತ ಕಂಡ ಕೂಡಲೇ ನಿಲ್ಲಿಸಿ ತುಂಬಿಸಿ. ಸಣ್ಣ ಕಾರ್ಟ್ರಿಜ್‌ಗೆ ತುಂಬಿಸುವಾಗ ಎರಡು ಮೂರು ಎಂಎಲ್, ಸಿರಿಂಜ್ ನಿಧಾನ ಒತ್ತಿ, ಸ್ಪಂಜ್ ಹೀರಿಕೊಳ್ಳುವುದಕ್ಕೆ ಬಿಟ್ಟು ಬಿಟ್ಟು. ಕಲರ್ ಕಾರ್ಟ್ರಿಜ್‌ನಲ್ಲಿ ಯಾವ ತೂತು ಯಾವ ಬಣ್ಣ ಅಂತ ಊಹೆ ಮಾಡಬೇಡಿ, ಒಂದು ಹಿಡಿಕಡ್ಡಿ ಇಳಿಸಿ ತೆಗೆದು ತುದಿಯ ಬಣ್ಣ ನೋಡಿ.

ಒಣಗಿದ ಹೆಡ್‌ಗೆ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿದ ಟಿಶ್ಯೂ ಮೇಲೆ ಎರಡು ನಿಮಿಷ ಕೂರಿಸುವುದು ಒಳ್ಳೆಯ ಉಪಾಯ. ಬಾವಿ ನೀರು ಬೇಡ, ಅದರ ಲವಣ ನಾಝಲ್‌ನಲ್ಲಿ ಕೂರುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಅದನ್ನು ತನ್ನಿ. ಆ್ಯಸಿಡ್ ಅಲ್ಲ, ನೀರು ಅಂತ ಎರಡು ಸಲ ಹೇಳಿ ತನ್ನಿ.

ಎಪ್ಸನ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಇಂಕ್ ಪ್ಯಾಡ್ ಅವಧಿ ಮುಗಿದಿದೆ ಅಂತ ಬಂದರೆ ಅದು ಬೇರೆಯೇ ವಿಷಯ. ಹೆಡ್ ತೊಳೆದ ಇಂಕು ಹೋಗಿ ಕೂರುವ ಸ್ಪಂಜ್ ನಿಜವಾಗಿ ತುಂಬಿರುತ್ತದೆ. ಬರೀ ಸಾಫ್ಟ್‌ವೇರ್‌ನಿಂದ ರೀಸೆಟ್ ಮಾಡಿದರೆ ಒಂದು ದಿನ ಮೇಜಿನ ಮೇಲೆಲ್ಲ ಇಂಕು ಹರಿಯುತ್ತದೆ. ಪ್ಯಾಡ್ ಬದಲಾಯಿಸಿ, ಆಮೇಲೆ ರೀಸೆಟ್. ಅದಕ್ಕೆ ಅಂತ ಸಿಗುವ ಪುಕ್ಕಟೆ ತಂತ್ರಾಂಶಗಳಲ್ಲಿ ವೈರಸ್ ಜಾಸ್ತಿ, ಅರ್ಜಿದಾರರ ಆಧಾರ್ ಇರುವ ಕಂಪ್ಯೂಟರ್‌ಗೆ ಹಾಕಲೇಬೇಡಿ.

ಮಳೆಗಾಲದ ಜೋಪಾನ

ಡೇಟ್ ಬಾರ್ ಆಗುವ ತನಕ ಇಂಕು ಉಳಿಯುವುದೇ ಪ್ರಿಂಟರ್ ಸುಮ್ನೆ ಕೂತಿರುವುದರಿಂದ. ವಾರಕ್ಕೊಂದು ಕಲರ್ ಪುಟ ತೆಗೆಯಿರಿ. ಪ್ರಿಂಟರನ್ನು ಅದರ ಗುಂಡಿ ಒತ್ತಿಯೇ ಆರಿಸಿ, ಗೋಡೆಯ ಸ್ವಿಚ್‌ನಿಂದ ಅಲ್ಲ. ಗುಂಡಿ ಒತ್ತಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದಡಿ ಕೂರುತ್ತದೆ. ಕರೆಂಟ್ ನಡುವೆ ಹೋದರೆ ಹೆಡ್ ತೆರೆದೇ ಉಳಿದು ಒಣಗುತ್ತದೆ, ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಹಾಗಾಗಿ ಸಣ್ಣದೊಂದು ಯುಪಿಎಸ್ ಇದ್ದರೆ ಹೆಡ್ ಉಳಿಯುತ್ತದೆ. ಬಿಡಿ ಕಾರ್ಟ್ರಿಜ್‌ಗಳನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಹಾಳೆಗಳನ್ನು ಪ್ಲಾಸ್ಟಿಕ್ ಸುತ್ತಿ ಬಲ್ಬ್ ಉರಿಯುವ ಕಪಾಟಿನಲ್ಲಿಡಿ, ತೇವದ ಹಾಳೆಯಲ್ಲಿ ಇಂಕು ಹಬ್ಬಿದರೆ ಇಂಕು ಕೆಟ್ಟಿದೆ ಅಂತ ನಾವು ತಪ್ಪು ತಿಳಿಯುತ್ತೇವೆ.

ಕಾರ್ಟ್ರಿಜ್ ನಿಜವಾಗಿಯೂ ಸತ್ತರೆ ತೋಟದ ಗುಂಡಿಗೆ ಎಸೆಯಬೇಡಿ. ಪ್ರಿಂಟರ್ ಮತ್ತು ಕಾರ್ಟ್ರಿಜ್ ಎರಡೂ ಇ-ತ್ಯಾಜ್ಯದ ಪಟ್ಟಿಯಲ್ಲಿವೆ. ಡಬ್ಬಿಯಲ್ಲಿ ಕೂಡಿಟ್ಟು, ಶಿವಮೊಗ್ಗಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಭಾವ ಅವತ್ತು ತಾರೀಖು ಹಿಂದೆ ಇಟ್ಟು ಮಕ್ಕಳ ಅರ್ಜಿ ಎಲ್ಲ ಮುಗಿಸಿದರು. ವಾರದ ಮೇಲೆ ಹೊಸ ಚಿಪ್ ಬಂತು, ಅಕ್ಕನೇ ಬ್ಲೇಡ್ ಹಿಡಿದು ಅಂಟಿಸಿದಳು. ಈಗ ನಾಲ್ಕೂ ಕಾರ್ಟ್ರಿಜ್‌ಗಳ ಮೇಲೆ ಬಿಳಿ ಟೇಪ್ ಇದೆ, ಚಿಪ್ ಹಾಕಿದ ದಿನ ಮೇಲೆ, ಇಂಕು ತುಂಬಿಸಿದ ದಿನ ಕೆಳಗೆ.